ಭಾನುವಾರದ ಟ್ಯಾಂಕ್ ಮ್ಯೂಸಿಯಂ ಪ್ರವಾಸ: ಹೆಸರು ಕೊಡಿ

ಎಲ್ಲರಿಗೂ ನಮಸ್ಕಾರ. ಮುಂದಿನ ಭಾನುವಾರ ಪುಣೆಯಿಂದ ಅಹಮದ್‌ನಗರದ (ಈಗ ಅಹಿಲ್ಯಾನಗರ) ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂಗೆ ಹೋಗುತ್ತಿದ್ದೇವೆ. ಬಸ್ಸು ಬೆಳಿಗ್ಗೆ 6ಕ್ಕೆ ಶಿವಾಜಿನಗರದಿಂದ ಹೊರಡುತ್ತದೆ. ಯರವಡಾ, ವಾಘೋಲಿಯವರು ದಾರಿಯಲ್ಲೇ ಹತ್ತಬಹುದು. ತಡವಾದರೆ ಕಾಯುವುದಿಲ್ಲ.

ಮಕ್ಕಳಿಗೆ ಮೊದಲೇ ಅಬ್ದುಲ್ ಹಮೀದ್ ಕಥೆ ಹೇಳಿ, ಸುಮ್ನೆ ಕಬ್ಬಿಣ ನೋಡಿ ಬಂದರೆ ಏನು ಬಂತು? ನಮ್ಮ ಸೇನೆಯ 4 ಗ್ರೆನೇಡಿಯರ್ಸ್ ಪಡೆಯ ಹವಾಲ್ದಾರ್ ಅವರು. 1965ರ ಸೆಪ್ಟೆಂಬರ್‌ನಲ್ಲಿ ಪಂಜಾಬಿನ ಖೇಮ್‌ಕರಣ್ ಹತ್ತಿರ, ಜೀಪಿನ ಮೇಲೆ ಕೂರಿಸಿದ 106 ಮಿ.ಮೀ. ರಿಕಾಯಿಲ್‌ಲೆಸ್ ಗನ್ನಿನಿಂದ (ಹಾರಿಸಿದಾಗ ಹಿಂದಕ್ಕೆ ಒದೆಯದ ತೋಪು) ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳನ್ನು ಒಂದಾದ ಮೇಲೊಂದು ಹೊಡೆದರು. ಆ ಗನ್ ಹಾರಿಸಿದಾಗ ಹಿಂದಿನಿಂದ ಬೆಂಕಿ, ಧೂಳು ಏಳುತ್ತದೆ, ಶತ್ರುವಿಗೆ ಜಾಗ ತಕ್ಷಣ ಗೊತ್ತಾಗುತ್ತದೆ, ಹಾಗಾಗಿ ಹೊಡೆದ ಕೂಡಲೇ ಜೀಪು ಸರಿಸಬೇಕು. ಜೀಪಿಗೆ ಉಕ್ಕಿನ ಕವಚವೂ ಇಲ್ಲ! ಸೆಪ್ಟೆಂಬರ್ 10ರಂದು ಅವರು ಹುತಾತ್ಮರಾದರು, ಪರಮವೀರ ಚಕ್ರ ಮರಣೋತ್ತರವಾಗಿ ಬಂತು. ನನಗಂತೂ ಟ್ಯಾಂಕಿಗಿಂತ ಆ ಜೀಪೇ ದೊಡ್ಡದು.

ಎಲ್ಲರೂ ಆಧಾರ್ ತನ್ನಿ. ನೀರು, ಟೋಪಿ ಇರಲಿ, ಬಿಸಿಲು ಜಾಸ್ತಿ. ತಿಂಡಿಗೆ ಚಿತ್ರಾನ್ನ ನಮ್ಮ ಕಡೆಯಿಂದ, ಮೊಸರನ್ನ ಯಾರಾದರೂ ಒಪ್ಪಿಕೊಳ್ಳಿ. ಬರುವವರು ಎಷ್ಟು ಜನ, ಎಲ್ಲಿ ಹತ್ತುತ್ತೀರಿ ಅಂತ ಬುಧವಾರ ರಾತ್ರಿಯೊಳಗೆ ಇಲ್ಲೇ ಬರೆಯಿರಿ. ಬರೀ ಹೆಬ್ಬೆರಳು ಒತ್ತಿದರೆ ಲೆಕ್ಕಕ್ಕಿಲ್ಲ.