ತೋಟದ ಯಂತ್ರಗಳಿಗೂ ಒಗ್ಗುವ ಪೆಟ್ರೋಲ್ ಬೇಕು

ಮಾನ್ಯ ಸಂಪಾದಕರೇ,

ಪೆಟ್ರೋಲಿಗೆ ಶೇ 20ರಷ್ಟು ಎಥೆನಾಲ್ (ಕಬ್ಬು, ಮೆಕ್ಕೆಜೋಳದಂಥವುಗಳಿಂದ ತೆಗೆಯುವ ಮದ್ಯಸಾರ) ಬೆರೆಸುವ 2030ರ ಗುರಿಯನ್ನು ದೇಶ 2025ರಲ್ಲೇ ಮುಟ್ಟಿದೆ. ಎಥೆನಾಲ್‌ನಲ್ಲೂ ಓಡುವ ಫ್ಲೆಕ್ಸ್ ಫ್ಯುಯೆಲ್ ಹೈಬ್ರಿಡ್ ಇನ್ನೋವಾದ ಮಾದರಿಯನ್ನು ಸಚಿವ ನಿತಿನ್ ಗಡ್ಕರಿ 2023ರ ಆಗಸ್ಟ್‌ನಲ್ಲೇ ಅನಾವರಣಗೊಳಿಸಿದ್ದರು. ಪೆಟ್ರೋಲಿಗಿಂತ ಎಥೆನಾಲ್‌ನ ಶಕ್ತಿ ಲೀಟರಿಗೆ ಸುಮಾರು ಮೂರನೇ ಒಂದರಷ್ಟು ಕಡಿಮೆಯಾದ್ದರಿಂದ, ಆ ಕೊರತೆಯನ್ನು ಬ್ಯಾಟರಿ ಒಂದಿಷ್ಟು ತುಂಬಿಕೊಡುವ ಹೈಬ್ರಿಡ್ ಕಾರು ಸರಿಯಾದ ದಾರಿಯೆಂದೇ ನನ್ನ ಭಾವನೆ.

ಆದರೆ ಮಲೆನಾಡಿನಲ್ಲಿ ಪೆಟ್ರೋಲ್ ಕುಡಿಯುವುದು ಕಾರುಗಳಷ್ಟೇ ಅಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದು ಮುಗಿಸಿ, ಟ್ಯಾಂಕಿನಲ್ಲಿ ಅರ್ಧ ಲೀಟರ್ ಉಳಿಸಿ ಕೊಟ್ಟಿಗೆಯ ಮೂಲೆಗಿಟ್ಟಿದ್ದ ನಮ್ಮ ಪಂಪು, ಮುಂದಿನ ಸಲ ಎಷ್ಟು ಹಗ್ಗ ಎಳೆದರೂ ಚಾಲೂ ಆಗಲಿಲ್ಲ. ಕಾರ್ಬ್ಯುರೇಟರ್ ಬಿಚ್ಚಿದಾಗ ಪೆಟ್ರೋಲಿನಡಿ ನೀರು ಪದರಗಟ್ಟಿತ್ತು. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ, ನಮ್ಮ ಮಳೆಗಾಲದಲ್ಲಿ ತೇವಕ್ಕೇನೂ ಬರವಿಲ್ಲ! ಎಥೆನಾಲ್‌ನಿಂದ ಹಳೆಯ ಬೈಕುಗಳ ರಬ್ಬರ್ ಪೈಪುಗಳು ಹಾಳಾಗುವ ಚಿಂತೆ ಬೇರೆ.

ಕಬ್ಬು, ಮೆಕ್ಕೆಜೋಳದ ಬೆಳೆಗಾರರಿಗೆ ಇದರಿಂದ ಸಿಗುವ ಲಾಭಕ್ಕೆ ನನ್ನ ತಕರಾರಿಲ್ಲ. ಎಥೆನಾಲ್ ಬೆರೆಸದ ಪೆಟ್ರೋಲನ್ನು ತಾಲ್ಲೂಕಿಗೊಂದು ಬಂಕಿನಲ್ಲಾದರೂ ಸಾಮಾನ್ಯ ದರಕ್ಕೆ ಒದಗಿಸಬೇಕು, ಬಂಕಿನ ಪ್ರತಿ ಪಂಪಿನ ಮೇಲೆ ಮಿಶ್ರಣದ ಪ್ರಮಾಣವನ್ನು ಕನ್ನಡದಲ್ಲಿ ಎದ್ದು ಕಾಣುವಂತೆ ಬರೆಯಿಸಬೇಕು ಎಂದು ಕೋರುತ್ತೇನೆ.

– ಅಡಿಕೆ ಬೆಳೆಗಾರ, ತೀರ್ಥಹಳ್ಳಿ