ಹುಡುಗಿಯರ ಮನೆಯ ಬಾಡಿಗೆಗೆ ದೇಣಿಗೆ ಮನವಿ

ಮಾನ್ಯರೇ,

ನಮ್ಮದು ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನ ಹಳ್ಳಿಯೊಂದರ ಮಹಿಳಾ ಸಂಘ. ವಾರವಾರ ಉಳಿತಾಯ ಕಟ್ಟಿ, ನಮ್ಮನಮ್ಮೊಳಗೇ ಸಾಲ ಕೊಟ್ಟು ತೀರಿಸಿಕೊಂಡು ಬಂದವರು. ಊರಿನ ಹುಡುಗಿಯರು ಕಾಲೇಜಿನ ಹತ್ತಿರ ಉಳಿದು ಓದಲೆಂದು ಹಿಡಿಯುವ ಮನೆಯ ಬಾಡಿಗೆಗಾಗಿ ಹೊರಗಿನವರ ಮುಂದೆ ಕೈಯೊಡ್ಡುತ್ತಿರುವುದು ಇದೇ ಮೊದಲು.

ನಮ್ಮೂರ ಶಾಲೆ ಹತ್ತನೆಯವರೆಗೆ ಮಾತ್ರ. ಹುಡುಗಿಯರು ಚೆನ್ನಾಗಿಯೇ ಪಾಸಾಗುತ್ತಾರೆ, ಪಾಸಾಗಿ ಮನೆಯಲ್ಲಿ ಕೂರುತ್ತಾರೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ನಮಗೆಲ್ಲ ಪುಕ್ಕಟೆ. ಆದರೆ ಬಸ್ಸು ಊರಿಗೆ ಬರಬೇಕಲ್ಲ! ಸಂಜೆಯದು ತಪ್ಪಿದರೆ ಕ್ರಾಸಿನಿಂದ ಕತ್ತಲಲ್ಲಿ ನಡಿಗೆ. ಹತ್ತಿ ಬಿಡಿಸುವ ದಿನ ಬಂದರೆ ಹೊಲಕ್ಕೆ ಆಳು ಬೇಕು. ಅದು ಮುಗಿದ ಮೇಲೆ ಅಪ್ಪ-ಅವ್ವ ಬೆಂಗಳೂರಿಗೆ ಗುಳೆ, ತಮ್ಮ-ತಂಗಿಯರನ್ನು ನೋಡಿಕೊಳ್ಳಲು ಮತ್ತೆ ಅದೇ ಹುಡುಗಿ. ಎಸ್ಸೆಸ್ಸೆಲ್ಸಿ ಮುಗಿಯುವಾಗ ಅವಳಿಗೆ ಹದಿನಾರು, ಕಾನೂನಿನಂತೆ ಮದುವೆಗೆ 18. ನಡುವಿನ ಆ ಎರಡು ವರ್ಷ ಕಾಲೇಜಿನಲ್ಲಿದ್ದರೆ ಬಚಾವು, ಮನೆಯಲ್ಲಿದ್ದರೆ ಅರಿಶಿನ ಹಚ್ಚಿಬಿಡುತ್ತಾರೆ. ನಮ್ಮಲ್ಲೇ ಎಷ್ಟೋ ಜನ ಹಾಗೆ ಬಂದವರು. ಸಾಲದ ಪುಸ್ತಕಕ್ಕೆ ಮೊನ್ನೆಮೊನ್ನೆಯವರೆಗೂ ಹೆಬ್ಬೆಟ್ಟು.

ಹೋದ ವರ್ಷ ಒಬ್ಬ ಹುಡುಗಿಯ ಅಪ್ಪನನ್ನು ಒಪ್ಪಿಸಲು ಐದಾರು ಜನ ಹೋಗಿದ್ದೆವು. ಆತ ಫೀಸಿನ ಮಾತೇ ಎತ್ತಲಿಲ್ಲ. “ಒಬ್ಬಾಕಿನ್ನ ಹೆಂಗ ಕಳಸಬೇಕ್ರಿ ಯಕ್ಕಾ?” ಅಂದ. ಸರಿ, ಒಬ್ಬಳೇ ಬೇಡ ಅಂತ ಇನ್ನೂ ಮೂರು ಮನೆ ಸುತ್ತಿದೆವು. ಹಾಸ್ಟೆಲ್ ಸೀಟು ಸಿಗದ ನಾಲ್ವರನ್ನು ಜೋಡಿ ಮಾಡಿ, ಕಾಲೇಜಿನ ಹತ್ತಿರ ಎರಡು ಕೋಣೆಯ ಮನೆ ಹಿಡಿದೆವು. ವಾರಕ್ಕೊಬ್ಬರಂತೆ ಸಂಘದವರು ಪಾಳಿಯಲ್ಲಿ ಹೋಗಿ ಇದ್ದು ಬರುತ್ತೇವೆ. ಜೋಳದ ಹಿಟ್ಟು, ಬೇಳೆ, ಶೇಂಗಾ ಚಟ್ನಿ ಊರಿನಿಂದಲೇ. ನಾವು ಅಂದುಕೊಳ್ಳದ ಒಂದು ಕೆಲಸವೂ ಆಯಿತು: ರಾತ್ರಿ ಓದು ಮುಗಿದ ಮೇಲೆ ಹುಡುಗಿಯರು ಹೆಬ್ಬೆಟ್ಟಿನವರಿಗೆ ಸಹಿ ಕಲಿಸತೊಡಗಿದರು. ಈಗ ಪಾಳಿಗೆ ನಾ ಮುಂದು ತಾ ಮುಂದು ಅಂತ ಜಗಳ.

ಈ ಜೂನ್‌ಗೆ ಹನ್ನೊಂದು ಹುಡುಗಿಯರು ಬರುತ್ತೇವೆ ಅಂದಿದ್ದಾರೆ. ದೊಡ್ಡ ಮನೆ ನೋಡಿದ್ದೇವೆ. ಬಾಡಿಗೆ ತಿಂಗಳಿಗೆ 7,000, ವರ್ಷಕ್ಕೆ 84,000 ರೂಪಾಯಿ. ಅದರಲ್ಲಿ 30,000 ಸಂಘದ ಉಳಿತಾಯದಿಂದ ತೆಗೆದಿಟ್ಟಿದ್ದೇವೆ. ಉಳಿದ 54,000ಕ್ಕೆ ನಿಮ್ಮನ್ನು ಕೇಳುತ್ತಿದ್ದೇವೆ. ನೂರು ರೂಪಾಯಿಗೂ ರಸೀದಿ ಇದೆ. ಹಳೆಯ ಪಿಯುಸಿ ಪುಸ್ತಕ, ಟ್ರಂಕು, ಹೊದಿಕೆ ಕಳಿಸಿದರೂ ಆದೀತು. ಭಾನುವಾರ ಫೋನಿನಲ್ಲಿ ಇಂಗ್ಲಿಷ್, ಅಕೌಂಟೆನ್ಸಿ ಹೇಳಿಕೊಡುವವರು ಸಿಕ್ಕರಂತೂ ಹುಡುಗಿಯರು ಕುಣಿದಾಡುತ್ತಾರೆ.

ಎರಡು ಮಾತು ಮೊದಲೇ ಹೇಳಿಬಿಡುತ್ತೇವೆ. ನಮಗೆ 80ಜಿ ನೋಂದಣಿ ಇಲ್ಲ, ತೆರಿಗೆ ವಿನಾಯಿತಿ ಸಿಗುವುದಿಲ್ಲ. ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ಕೂಡ ಇಲ್ಲದ್ದರಿಂದ ಬೇರೆ ದೇಶದ ಪೌರತ್ವ ಪಡೆದವರ ಹಣ ತೆಗೆದುಕೊಳ್ಳುವಂತಿಲ್ಲ. ಅವರು ಪಾಠ ಹೇಳಿಕೊಡಬಹುದು.

ಬಾಡಿಗೆ ಮನೆಯ ಮಾಲೀಕರಿಗೆ ಮೇ ಕೊನೆಯೊಳಗೆ ಮುಂಗಡ ಕೊಡಬೇಕು. ಲೆಕ್ಕದ ಪುಸ್ತಕ ಯಾರು ಬಂದು ಕೇಳಿದರೂ ತೋರಿಸುತ್ತೇವೆ. ಬಂದವರಿಗೆ ರೊಟ್ಟಿ ಊಟವೂ ಉಂಟು.

ಇಂತಿ,
ಸಂಘದ ಎಲ್ಲ ಸದಸ್ಯೆಯರು
(ಈ ಸಲ ಎಲ್ಲರದೂ ಸಹಿ)