ಮುಳುಗಡೆಗೆ ಮುಂಚಿನ ವರ್ಷಗಳು

ಚಿರಂಜೀವಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರದಲ್ಲಿ ಮನೆಸಾಲ, ಆರೋಗ್ಯ, ಮಗಳ ಶಾಲೆ ಎಲ್ಲದರ ವರ್ತಮಾನವೂ ಇತ್ತು. ಅವಕ್ಕೆ ದೊಡ್ಡಮ್ಮ ಫೋನಿನಲ್ಲಿ ಉತ್ತರ ಹೇಳುತ್ತಾಳೆ. ನಾನು ಬರೆಯಲು ಕುಳಿತದ್ದು ಕೊನೆಯ ಪುಟದಲ್ಲಿ ನೀನು ತೇಲಿಸಿ ಬರೆದ ಒಂದು ಮಾತಿಗಾಗಿ. ಇಂದು ಖರ್ಚು ಮಾಡಿದ ಪ್ರತಿ ರೂಪಾಯಿಯೂ ನಾಳೆಯಿಂದ ಕದ್ದದ್ದು ಅನ್ನಿಸುತ್ತದೆ, ಪರಿಸ್ಥಿತಿ ತಿಳಿಯಾಗುವವರೆಗೆ ದೀಪಾವಳಿಗೆ ಊರಿಗೆ ಬರುವುದನ್ನೂ ನಿಲ್ಲಿಸಿದ್ದೇನೆ ಎಂದು ಬರೆದಿದ್ದೀಯ. ನಿನ್ನ ಕಂಪನಿಯಲ್ಲಿ ಜನರನ್ನು ತೆಗೆಯುತ್ತಿರುವ ಸುದ್ದಿಯೂ ನನ್ನನ್ನು ಇಷ್ಟು ಕಲಕಲಿಲ್ಲ. ಈ ಮಾತನ್ನು ನಾನು ಬೇರೊಬ್ಬರ ಬಾಯಲ್ಲಿ ಕೇಳಿ ಬೆಳೆದವನು.

ಮುಳುಗಡೆಯ ಕಥೆ ನಿನಗೆ ಗೊತ್ತಿರುವುದೇ. ಅದನ್ನು ಮತ್ತೆ ಹೇಳುವುದಿಲ್ಲ. ಮನೆಯಲ್ಲಿ ಯಾರೂ ಆಡದೆ ಬಿಟ್ಟದ್ದು ಅದಕ್ಕೂ ಮುಂಚಿನ ವರ್ಷಗಳ ಮಾತನ್ನು. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟೆ ಮುಗಿದದ್ದು 1964ರಲ್ಲಿ, ಆದರೆ ನೀರು ಬರುತ್ತದೆ ಎಂಬ ಸುದ್ದಿ ನಮ್ಮ ಅಂಗಳಕ್ಕೆ ನೀರಿಗಿಂತ ಬಹಳ ಮೊದಲೇ ಬಂದಿತ್ತು. ಯಾವ ಊರು ಹೋಗುತ್ತದೆ, ಯಾವುದು ಉಳಿಯುತ್ತದೆ, ಪರಿಹಾರವೆಂದು ಎಷ್ಟು ಕೊಡುತ್ತಾರೆ ಎಂಬುದು ನಮ್ಮಲ್ಲಿ ಯಾರಿಗೂ ಖಚಿತವಿರಲಿಲ್ಲ. ನಿನ್ನ ಅಜ್ಜ ತೋಟಕ್ಕೆ ಹೊಸ ಸಸಿ ಇಡುವುದನ್ನು ನಿಲ್ಲಿಸಿದರು. ಅಡಿಕೆ ಫಸಲಿಗೆ ಬರಲು ಐದಾರು ವರ್ಷ ಬೇಕಾದ್ದರಿಂದ ಆ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ವರ್ಷವರ್ಷವೂ ಹೊಸದಾಗಿ ಹೊದಿಸಬೇಕಾದ ಮಾಡಿನ ಅಡಿಕೆ ಸೋಗೆಯನ್ನೂ ಅವರು ಬದಲಿಸಲಿಲ್ಲ. ಮುಳುಗುವ ಮನೆಗೆ ಹೊದಿಕೆ ಯಾಕೆ ಎಂದರು. ಮಳೆಗಾಲವಿಡೀ ಅಮ್ಮ ಸೋರುವ ಮೂಲೆಯಿಂದ ಸೋರದ ಮೂಲೆಗೆ ಸೌದೆ ಸಾಗಿಸುತ್ತಾ ಅಡುಗೆ ಮಾಡಿದಳು. ಭೂಮಿತಾಯಿಯನ್ನು ಬಸುರಿಯೆಂದು ಪೂಜಿಸುವ ಭೂಮಿ ಹುಣ್ಣಿಮೆ ಬಂದಾಗ, ನೀರಿಗೆ ಹೋಗುವ ಮಣ್ಣಿಗೆ ಬಯಕೆಯ ಊಟ ಬೇಡವೆಂದು ಹಬ್ಬವನ್ನೇ ಬಿಡಿಸಿದರು. ನಸುಕಿನಲ್ಲಿ ಸೊಪ್ಪು ಬೆರೆಸಿ ಬೇಯಿಸಿದ ಹಚ್ಚಂಬಲಿಯನ್ನು ಹೊಲಕ್ಕೆ ಬೀರದೆಯೇ ಬೆಳಗಾದ ಆ ದಿನ ಅಮ್ಮ ಯಾರೊಂದಿಗೂ ಮಾತಾಡಲಿಲ್ಲ. ಅಂದಾಗಲಿ ಆಮೇಲಾಗಲಿ ಅವಳಿಗೆ ಏನನ್ನಿಸಿತೆಂದು ನಮ್ಮಲ್ಲಿ ಯಾರೂ ಕೇಳಲಿಲ್ಲವಲ್ಲ ಎಂಬ ಕೊರಗು ಈ ವಯಸ್ಸಿನಲ್ಲಿ ನನ್ನನ್ನು ಹೆಚ್ಚಾಗಿ ಕಾಡುತ್ತದೆ.

ಇಷ್ಟನ್ನೆಲ್ಲ ಬಿಟ್ಟು ಅವರು ನಾಳೆಗೆಂದು ಕೂಡಿಟ್ಟದ್ದೇನು ಎಂದು ನೋಡಿದರೆ ಹೇಳಿಕೊಳ್ಳುವಂಥದ್ದು ಏನೂ ಸಿಗುವುದಿಲ್ಲ. ಪಕ್ಕದ ಮನೆಗೂ ಬರುವುದಿದ್ದದ್ದು ಅದೇ ನೀರು. ಆ ಮನೆಯವರು ಸೋಗೆ ಹೊದಿಸಿದರು, ಹಬ್ಬ ಮಾಡಿದರು, ವರ್ಷದೊಳಗೆ ಗೊನೆ ಬಿಡುವ ಬಾಳೆಯನ್ನು ನೆಟ್ಟರು, ಜೊತೆಗೇ ಒಳ್ಳೆಯ ಅಡಿಕೆ ಮರಗಳ ಬಲಿತ ಗೋಟನ್ನು ಬೀಜಕ್ಕೆ ಆರಿಸಿ ಸಸಿಮಡಿ ಮಾಡಿದರು. ಊರು ಬಿಡುವ ದಿನ ಆ ಸಸಿಗಳೂ ಅವರ ಗಾಡಿಯಲ್ಲಿದ್ದವು. ನಾವು ಹೊಸ ಜಾಗದಲ್ಲಿ ಸಸಿಯನ್ನೂ ಕೊಂಡೇ ತಂದೆವು. ಅಜ್ಜನನ್ನು ದೂರಲು ಇದನ್ನು ಬರೆಯುತ್ತಿಲ್ಲ. ಹೆದರುವುದೇ ಸಿದ್ಧತೆ ಎಂದು ಅವರು ನಂಬಿದ್ದರು, ಮತ್ತು ದಿನವಿಡೀ ಹೆದರಿದವನಿಗೆ ಸಂಜೆಯ ಹೊತ್ತಿಗೆ ದೊಡ್ಡ ಕೆಲಸವೊಂದನ್ನು ಮಾಡಿ ಮುಗಿಸಿದಷ್ಟೇ ದಣಿವಾಗಿರುತ್ತದೆ. ನಿನ್ನ ಅಕ್ಷರಗಳಲ್ಲಿ ನನಗೆ ಕಂಡದ್ದು ಆ ದಣಿವು.

ಪರಿಸ್ಥಿತಿ ತಿಳಿಯಾಗಲಿ ಎನ್ನುತ್ತೀಯ. ನಮ್ಮ ಶರಾವತಿ ಸೀಮೆಯಲ್ಲಿ ಅದು ತಿಳಿಯಾದದ್ದನ್ನು ನಾನು ಕಂಡಿಲ್ಲ. ಮಡೆನೂರಿನ ಅಣೆಕಟ್ಟೆಯ ನೀರನ್ನು ನಂಬಿ 1948ರಲ್ಲಿ ಜೋಗದ ವಿದ್ಯುದಾಗಾರ ಶುರುವಾಯಿತು; ಇಪ್ಪತ್ತು ವರ್ಷ ತುಂಬುವ ಮೊದಲೇ ಆ ಅಣೆಕಟ್ಟೆಯೇ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿತು, ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಮಾತ್ರ ಮುಖ ತೋರಿಸುತ್ತದೆ. ಸಂತ್ರಸ್ತರ ಹಕ್ಕುಪತ್ರದ ಗೋಜಲು ಇಂದಿಗೂ ಬಿಡಿಸಿಕೊಂಡಿಲ್ಲ. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವಿನ ಹಿನ್ನೀರಿಗೆ ಸೇತುವೆ ಆದದ್ದು 2025ರಲ್ಲಿ. ಅದು ಆದಮೇಲೆ ನೆಂಟರ ಮನೆಗೆ ಹೋದರಾಯಿತು ಎಂದು ಯಾರಾದರೂ ಕಾದಿದ್ದರೆ ನೆಂಟಸ್ತಿಕೆಯೇ ಉಳಿಯುತ್ತಿರಲಿಲ್ಲ. ಜನ ಲಾಂಚಿನಲ್ಲಿ ದಾಟಿ, ಕೊನೆಯ ಲಾಂಚು ತಪ್ಪಿದರೆ ಅಲ್ಲೇ ಉಳಿದು, ಮದುವೆ ಮುಂಜಿಗಳನ್ನು ಮುಗಿಸಿಕೊಂಡು ಬಂದರು.

ಹಣದ ವಿಷಯ ನನಗಿಂತ ನಿನಗೇ ಹೆಚ್ಚು ತಿಳಿದಿದೆ, ಹಾಗಾಗಿ ಸಂಕೋಚದಿಂದಲೇ ಬರೆಯುತ್ತೇನೆ. ಆರು ತಿಂಗಳ ಮನೆಖರ್ಚು ಮತ್ತು ಸಾಲದ ಕಂತಿನಷ್ಟು ಹಣ ಬೇಕೆಂದಾಗ ಕೈಗೆ ಸಿಗುವ ಠೇವಣಿಯಲ್ಲಿರಲಿ, ಪಿಪಿಎಫ್‌ನ ಹದಿನೈದು ವರ್ಷದ ಗಂಟಿನಲ್ಲಿ ಅಲ್ಲ. ಕಂಪನಿ ಮಾಡಿಸಿದ ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸದ ಜೊತೆಗೇ ಹೋಗುತ್ತದೆ, ಆದ್ದರಿಂದ ಸ್ವಂತದ್ದೊಂದು ಇದ್ದರೆ ಒಳ್ಳೆಯದು. ಬಹುಶಃ ಇದನ್ನು ನೀನು ಆಗಲೇ ಮಾಡಿಸಿರುತ್ತೀಯ. ಇಷ್ಟಾದ ಮೇಲೂ ಆ ಕದ್ದ ಭಾವನೆ ನಿನ್ನನ್ನು ಬಿಡುತ್ತದೆಂದು ನಾನು ಭರವಸೆ ಕೊಡಲಾರೆ. ತಿಂಗಳು ತಿಂಗಳು ಪಿಂಚಣಿ ಬರುತ್ತಿದ್ದರೂ ಹೊಸ ಪಂಚೆಗಳನ್ನು ಪೆಟ್ಟಿಗೆಯಲ್ಲೇ ಹಳದಿಯಾಗಿಸುತ್ತೀರಿ ಎಂದು ದೊಡ್ಡಮ್ಮ ನನ್ನನ್ನು ಇಂದಿಗೂ ಬೈಯುತ್ತಾಳೆ. ನಾನೂ ಆ ಅಜ್ಜನ ಮಗನೇ ಅಲ್ಲವೇ.

ಕೆಲಸ ಹೋಗಬಹುದು, ಹೋಗದೆಯೂ ಇರಬಹುದು. ಎರಡರಲ್ಲಿ ಯಾವುದಾದರೂ ನಿನ್ನ ಮಗಳ ಈ ವರ್ಷದ ರಜೆ ಹೀಗೇ ಕಳೆದುಹೋಗುತ್ತದೆ. ರದ್ದು ಮಾಡಿದ ಟಿಕೆಟನ್ನು ಮತ್ತೆ ಮಾಡಿಸು. ತಾಳಗುಪ್ಪದ ರೈಲು ಹಬ್ಬದ ವಾರ ಬೇಗ ತುಂಬುತ್ತದೆ. ಹಣ ನಾನು ಕಳಿಸುತ್ತೇನೆ ಎಂದರೆ ನಿನಗೆ ಸಿಟ್ಟು ಬರಬಹುದು, ಆದರೂ ಬರೆದಿದ್ದೇನೆ.

ಇತಿ,
ನಿನ್ನ ದೊಡ್ಡಪ್ಪ